ಕೆಂಪು ಪೂಲಿನ ರೈಲು

ಇಂಥ ಕಥೆಗಳನ್ನು ಯಾರಾದರೂ ಹೇಳಲು ಶುರು ಮಾಡಿದರೆ ನಾನು ಎದ್ದು ಚಹಾ ಮಾಡಲು ಹೋಗುತ್ತಿದ್ದೆ. ಸತ್ತವರು ಕಣ್ಣಿಗೆ ಬಿದ್ದರು, ಕನಸಿನಲ್ಲಿ ಬಂದು ಹೇಳಿದರು, ಆ ಹೊತ್ತಿಗೇ ಗಡಿಯಾರ ನಿಂತಿತು, ಇವೆಲ್ಲ ಕೆಲಸವಿಲ್ಲದವರ ಮಾತು ಎಂದು ನನ್ನ ತಿಳಿವಳಿಕೆಯಾಗಿತ್ತು. ಬೆಳಗಾವಿಯ ಆಟೋ ನಗರದ ಒಂದು ಕಾರ್ಖಾನೆಯಲ್ಲಿ ಇಪ್ಪತ್ತಾರು ವರ್ಷಗಳಿಂದ ತಪಾಸಣೆಯ ಕೆಲಸ ನನ್ನದು. ಲೇಥಿನಿಂದ ಇಳಿದ ತುಂಡನ್ನು ಅಳೆದು, ಸರಿ ಇದ್ದರೆ ಹಸಿರು ಚೀಟಿ, ತಪ್ಪಿದ್ದರೆ ಕೆಂಪು ಚೀಟಿ ಹಚ್ಚುತ್ತೇನೆ. ಕೂದಲೆಳೆಯಷ್ಟು ಹೆಚ್ಚುಕಡಿಮೆಯಾದರೂ ಬಿಡುವವಳಲ್ಲ ಎಂದು ಕೆಲಸಗಾರರು ಬೆನ್ನ ಹಿಂದೆ ಬೈಯುವುದೂ ನನಗೆ ಗೊತ್ತಿದೆ. ಅಂಥವಳು ಇದನ್ನು ಬರೆಯುತ್ತಿದ್ದೇನೆ. ಅರ್ಧಕ್ಕೆ ನೀವೂ ಎದ್ದು ಚಹಾ ಮಾಡಲು ಹೋದರೆ ನನಗೆ ಬೇಸರವಿಲ್ಲ.

ಅಕ್ಕ ನನಗಿಂತ ಒಂಬತ್ತು ವರ್ಷ ದೊಡ್ಡವಳು. ನನಗೆ ನಾಲ್ಕು ತುಂಬುವ ಮೊದಲೇ ಅವ್ವ ತೀರಿಕೊಂಡಳು. ಕಾಕತಿಯ ಮನೆಯಲ್ಲಿ ನನ್ನ ತಲೆ ಬಾಚಿ, ರೊಟ್ಟಿ ಮುರಿದು ಬಾಯಿಗಿಟ್ಟು, ಸಾಲಿಗೆ ಕಳಿಸಿದವಳು ಅಕ್ಕ. ಅದಕ್ಕಾಗಿ ತಾನು ಸಾಲಿ ಬಿಟ್ಟಳು. ಮುಂದೆ ಮದುವೆಯಾಗಿ ಖಾನಾಪುರಕ್ಕೆ ಹೋದಳು. ಗಂಡನ ಮನೆಯವರದು ಹಂಚಿನ ಭಟ್ಟಿ. ಮನೆ ಸ್ಟೇಶನ್ನಿಗೆ ಎಷ್ಟು ಹತ್ತಿರವೆಂದರೆ ಲೋಂಡಾ ಕಡೆಯ ಗಾಡಿ ಹಾದು ಹೋದರೆ ಅಡುಗೆಮನೆಯ ತಾಟುಗಳು ಅಲುಗುತ್ತಿದ್ದವು. ನಾನು ಮದುವೆಯಾಗಲಿಲ್ಲ. ಭಾನುವಾರ ಬಂದರೆ ಬೆಳಗಾವಿಯಿಂದ ಖಾನಾಪುರದ ರೈಲು ಹತ್ತುವುದು, ಅಕ್ಕನ ಕೈಯಡುಗೆ ಉಣ್ಣುವುದು, ಬೈಸಿಕೊಳ್ಳುವುದು, ಸಂಜೆಯ ಗಾಡಿಗೆ ವಾಪಸಾಗುವುದು, ಇಷ್ಟೇ ನನ್ನ ಸಂಸಾರ.

ಒಂದು ವರ್ಷ ನಮ್ಮ ಕಾರ್ಖಾನೆಗೆ ಯಂತ್ರ ಮಾರುವವರು ಒಂದು ಕ್ಯಾಲೆಂಡರ್ ಕೊಟ್ಟಿದ್ದರು. ಅದರಲ್ಲಿ ಫ್ರಾನ್ಸ್ ದೇಶದ ಗುಡ್ಡಗಾಡಿನ ಒಂದು ರೈಲು ಸೇತುವೆಯ, ನಮ್ಮ ಮಾತಿನಲ್ಲಿ ಪೂಲಿನ, ಚಿತ್ರ. ಆಳವಾದ ಕಣಿವೆ, ತಳದಲ್ಲಿ ನೀರು, ಮೇಲೆ ಕೆಂಪು ಬಣ್ಣ ಬಳಿದ ಕಬ್ಬಿಣದ ಕಮಾನು, ಅದರ ನೆತ್ತಿಯ ಮೇಲೆ ಆಟಿಕೆಯಂಥ ಸಣ್ಣ ರೈಲು. ಅಕ್ಕ ಅದನ್ನು ಒಯ್ದು ಅಡುಗೆಮನೆಯ ಗೋಡೆಗೆ ಹಾಕಿದಳು. ವರ್ಷ ಮುಗಿದರೂ ತೆಗೆಯಲಿಲ್ಲ. ರೊಟ್ಟಿ ಬಡಿಯುತ್ತ ಅದನ್ನೇ ನೋಡುವಳು. "ಈ ಪೂಲ್ ಮ್ಯಾಲೆ ಒಮ್ಮೆ ಹೋಗಿ ಬರೂಣು ಸಣ್ಣಾಕಿ. ಕೆಳಗ ನೋಡಿದ್ರ ಎದಿ ಝಲ್ ಅನಬೇಕ ನೋಡ" ಎನ್ನುವಳು. ನನಗೆ ಐವತ್ತು ದಾಟಿದ ಮೇಲೂ ಅವಳಿಗೆ ನಾನು ಸಣ್ಣಾಕಿಯೇ.

ತಮಾಷೆಯಾಗಿ ಶುರುವಾದ ಮಾತು ಖರೇ ಆಯಿತು. ಅವಳ ಗಂಡ ತೀರಿದ ಮೇಲೆ ಇಬ್ಬರೂ ಪಾಸ್‌ಪೋರ್ಟ್ ಮಾಡಿಸಿದೆವು. ಪ್ರವಾಸದ ಕಂಪನಿ, ಗುಂಪು, ಗೈಡು ಯಾವುದೂ ಬೇಡ, ನಾವೇ ಹೋಗೋಣ, ಬರೀ ರೈಲಿನಲ್ಲೇ ತಿರುಗೋಣ ಎಂದು ಅವಳ ಹಟ. ನಾನು ಫೋನು ನೋಡಿ ಸ್ಟೇಶನ್ನುಗಳ ಹೆಸರು ಹೇಳುವುದು, ಅವಳು ನೂರು ಹಾಳೆಯ ನೋಟ್‌ಬುಕ್ಕಿನಲ್ಲಿ ಕನ್ನಡದಲ್ಲಿ ಬರೆದುಕೊಳ್ಳುವುದು. ಪ್ಯಾರಿಸ್, ದಿಜೋನ್, ಲಿಯೋನ್, ಕ್ಲೆರ್ಮೋನ್, ಅಲ್ಲಿಂದ ಪೂಲಿನ ಮೇಲೆ ಹಾದು ದಕ್ಷಿಣಕ್ಕೆ ಹೋಗುವ ಸಣ್ಣ ಗಾಡಿ. ಒಂದೊಂದು ಹೆಸರಿನ ಮುಂದೆಯೂ ನಾಲ್ಕು ಸಾಲು ಖಾಲಿ ಬಿಟ್ಟಿದ್ದಳು, ಅಲ್ಲಿ ಕಂಡದ್ದನ್ನು ಬರೆಯುವುದಕ್ಕೆ.

ಹೊರಡಲು ನಾಲ್ಕು ತಿಂಗಳಿರುವಾಗ ಅವಳ ಮೂತ್ರಪಿಂಡ ಕೈಕೊಟ್ಟಿತು. ವಾರಕ್ಕೆ ಎರಡು ಸಲ ಮಗಳು ಅನ್ನಪೂರ್ಣ ಅವಳನ್ನು ಡಯಾಲಿಸಿಸ್‌ಗೆಂದು ಬೆಳಗಾವಿಗೆ ಕರೆತರತೊಡಗಿದಳು. ನಾನು ಪ್ರವಾಸ ರದ್ದು ಮಾಡುತ್ತೇನೆಂದೆ. ಅಕ್ಕ ಎರಡು ದಿನ ನನ್ನ ಜೊತೆ ಮಾತು ಬಿಟ್ಟಳು. ಮೂರನೆಯ ದಿನ, "ಇಬ್ಬರೂ ಕುಂತು ಏನ್ ಮಾಡೂದೈತಿ? ನೀ ನೋಡಿ ಬಾ. ಬಂದು ಒಂದೊಂದ ಸ್ಟೇಶನ್ ನನ್ನ ಮುಂದ ಹೇಳಬೇಕ. ಅಲ್ಲಿ ತನಕ ನಾ ಎಲ್ಲೂ ಹೋಗೂದಿಲ್ಲ" ಎಂದು ನೋಟ್‌ಬುಕ್ಕು ಕೈಗಿಟ್ಟಳು. ಅವಳ ಒತ್ತಾಯಕ್ಕೆ ಹೋದೆ ಎಂದು ಎಲ್ಲರಿಗೂ ಹೇಳಿದ್ದೇನೆ. ಇಲ್ಲಿ ಸುಳ್ಳು ಬರೆಯಬಾರದು. ನನಗೂ ಹೋಗುವ ಆಸೆ ಇತ್ತು.

ಬೆಳಗಾವಿಯ ಸಾಂಬ್ರಾ ನಿಲ್ದಾಣದಿಂದ ವಿಮಾನ ಹತ್ತಿದೆ. ಮೊದಲ ಆರು ದಿನ ಎಲ್ಲ ನೆಟ್ಟಗೆ ನಡೆಯಿತು. ಆ ದೇಶದಲ್ಲಿ ಏನು ಕೇಳುವುದಿದ್ದರೂ ಮೊದಲು ನಮಸ್ಕಾರ ಹೇಳಬೇಕು, ಇಲ್ಲವಾದರೆ ಮುಖ ಗಂಟು ಹಾಕುತ್ತಾರೆ ಎಂದು ಕಲಿತೆ. ಗಾಡಿ ಯಾವ ಪ್ಲಾಟ್‌ಫಾರ್ಮಿಗೆ ಬರುತ್ತದೆಂದು ಕೊನೆಯ ಗಳಿಗೆಯ ತನಕ ಹೇಳುವುದಿಲ್ಲ. ಎಲ್ಲರೂ ತಲೆ ಎತ್ತಿ ಬೋರ್ಡನ್ನೇ ನೋಡುತ್ತ ನಿಂತು, ನಂಬರು ಬಿದ್ದ ಕೂಡಲೇ ಓಡುತ್ತಾರೆ. ನಾನೂ ಬ್ಯಾಗು ಎಳೆದುಕೊಂಡು ಓಡಿದೆ. ಗಾಡಿಯಲ್ಲಿ ಚಹಾದವನಿಲ್ಲ, ಮಾತಿಲ್ಲ. ನಾನು ಸಜ್ಜಿ ರೊಟ್ಟಿಗೆ ಶೇಂಗಾ ಚಟ್ನಿ ಹಚ್ಚಿಕೊಂಡು ತಿಂದರೆ ಅದರ ಕರಕರ ಸದ್ದೇ ರೈಲಿನ ಡಬ್ಬಿಗೆಲ್ಲ ಕೇಳುತ್ತಿತ್ತು. ದಿನಾ ಅಕ್ಕನಿಗೆ ಫೋನು ಮಾಡುತ್ತಿದ್ದೆ. ಅವಳು, "ಈಗ ಹೇಳಬ್ಯಾಡ, ಬರಿ, ಬಂದ ಮ್ಯಾಲೆ ಹೇಳು" ಎಂದು ಇಟ್ಟುಬಿಡುತ್ತಿದ್ದಳು. ಕ್ಲೆರ್ಮೋನ್ ತನಕದ ಸಾಲುಗಳನ್ನೆಲ್ಲ ತುಂಬಿಸಿದ್ದೆ.

ಏಳನೆಯ ದಿನ ಕ್ಲೆರ್ಮೋನ್ ಸ್ಟೇಶನ್ನಿನಲ್ಲಿ ಪೂಲಿನ ಗಾಡಿಗೆ ಕಾಯುತ್ತಿದ್ದೆ. ಹನ್ನೊಂದು ಗಂಟೆ. ಅನ್ನಪೂರ್ಣಳ ಫೋನು ಬಂತು.

"ಚಿಗವ್ವಾ, ಅವ್ವಗ ಸೀರಿಯಸ್ ಐತಿ. ಮುಂಜಾನೆ ಬೆಳಗಾವಿ ದವಾಖಾನಿಗೆ ತಂದೀವಿ. ನೀ ಗಾಬರಿ ಆಗಬ್ಯಾಡ. ಆದ್ರ ಲಗೂನ ಹೊಂಟ ಬಾ."

"ಫೋನ್ ಕೊಡು ಆಕಿ ಕೈಯಾಗ. ಎರಡ ಮಾತ ಆಡ್ತೀನಿ."

"ಮಾಸ್ಕ್ ಹಾಕ್ಯಾರ ಚಿಗವ್ವಾ, ಈಗ ಆಗೂದಿಲ್ಲ. ನೀ ಬಾ, ಅಷ್ಟ."

ಹಿಂದೆ ಯಾರೋ ಹೆಂಗಸರು ಅಳುವುದು ಕೇಳಿಸಿತು. ಅಲ್ಲಿಗೆ ನನಗೆ ತಿಳಿಯಿತು ಎಂದುಕೊಂಡೆ.

ನಮ್ಮ ಕಡೆಯ ರೀತಿ ಗೊತ್ತಿಲ್ಲದವರಿಗೆ ಇದನ್ನು ಬಿಡಿಸಿ ಹೇಳಬೇಕು. ದೂರ ಇದ್ದವರಿಗೆ ಸಾವಿನ ಸುದ್ದಿಯನ್ನು ನಮ್ಮಲ್ಲಿ ಯಾರೂ ನೇರವಾಗಿ ಹೇಳುವುದಿಲ್ಲ. ಹಾದಿಯಲ್ಲಿ ಒಬ್ಬರೇ ಎದೆ ಒಡೆದುಕೊಳ್ಳಬಾರದೆಂದು, ಆರಾಮಿಲ್ಲ, ಸೀರಿಯಸ್ ಐತಿ, ಹೊರಟು ಬಾ ಎನ್ನುತ್ತಾರೆ. ನಾನು ತರಬೇತಿಗೆಂದು ಪುಣೆಯಲ್ಲಿದ್ದಾಗ ಅಪ್ಪನ ವಿಷಯವನ್ನೂ ಹೀಗೇ ಹೇಳಿದ್ದರು. ಮಾತಾಡುತ್ತೇನೆ ಎಂದರೆ, ಬಾಯಿಗೆ ಏನೋ ಹಾಕಿದ್ದಾರೆ ಎಂದಿದ್ದರು. ಬಸ್ಸಿನಲ್ಲಿ ಹಾದಿಯುದ್ದಕ್ಕೂ ಯಾವ ಡಾಕ್ಟರನ್ನು ಕೇಳಬೇಕು, ಎಲ್ಲಿಗೆ ಒಯ್ಯಬೇಕು ಎಂದು ಯೋಚಿಸುತ್ತ ಬಂದೆ. ಬಂದು ನೋಡಿದರೆ ಬಾಗಿಲ ಮುಂದೆ ಚಪ್ಪಲಿಗಳ ರಾಶಿ, ಒಳಗೆ ಅಪ್ಪನನ್ನು ಗೋಡೆಗೆ ಒರಗಿಸಿ ಕೂರಿಸಿ, ವಿಭೂತಿ ಹಚ್ಚಿ, ಮಾಲೆ ಹಾಕಿಬಿಟ್ಟಿದ್ದರು. ಹಾಗೆ ಹೇಳಿಸಿದವಳು ಅಕ್ಕನೇ ಎಂದು ಆಮೇಲೆ ಗೊತ್ತಾಯಿತು. ಇನ್ನೊಮ್ಮೆ ಆ ಮಾತಿಗೆ ಮೋಸ ಹೋಗುವುದಿಲ್ಲ ಎಂದು ಅವತ್ತೇ ನಿಶ್ಚಯಿಸಿದ್ದೆ.

ಆ ಹೊತ್ತಿಗೆ ಎರಡು ಗಾಡಿಗಳಿದ್ದವು. ಒಂದು ಪ್ಯಾರಿಸ್‌ಗೆ. ಅದನ್ನು ಹತ್ತಿದ್ದರೆ ಅವತ್ತಿನ ರಾತ್ರಿಯ ವಿಮಾನ ಸಿಗುತ್ತಿತ್ತು, ಮರುದಿನ ಸಂಜೆಗೆ ಬೆಳಗಾವಿ. ಆದರೆ ನಮ್ಮಲ್ಲಿ ಮಣ್ಣು ಮಾಡುವುದನ್ನು ಮರುದಿನದ ತನಕ ಇಡುವುದಿಲ್ಲ. ಇವತ್ತು ಸಂಜೆಯೊಳಗೆ ಎಲ್ಲ ಮುಗಿದಿರುತ್ತದೆ, ಓಡಿ ಹೋಗಿ ನೋಡುವುದಾದರೂ ಏನು ಎಂದುಕೊಂಡೆ. ಕಣ್ಣೀರು ಬರಲಿಲ್ಲ. ಅವಳು ನೋಡು ಎಂದಿದ್ದ ಪೂಲನ್ನಾದರೂ ಅವಳ ಹೆಸರಿನಲ್ಲಿ ದಾಟಿಬಿಡೋಣ ಎನಿಸಿತು. ಸಮಾಧಾನದ ಮಾತು ಕೇಳುವ ಶಕ್ತಿ ಇರಲಿಲ್ಲವಾಗಿ ಫೋನು ಬಂದ್ ಮಾಡಿದೆ. ದಕ್ಷಿಣದ ಸಣ್ಣ ಗಾಡಿ ಹತ್ತಿದೆ.

ಒಂದೇ ಡಬ್ಬಿಯ ಗಾಡಿ ಎಂದರೂ ನಡೆದೀತು, ಜನ ಅಷ್ಟು ಕಡಿಮೆ. ನನ್ನ ಸಾಲಿನ ಆಚೆ ಬದಿಗೆ ಒಬ್ಬ ಮುದುಕ ಪೇಪರು ಓದುತ್ತ ಕೂತಿದ್ದ. ಅವನ ಕಾಲ ಬಳಿ ಕಂದು ಬಣ್ಣದ ದೊಡ್ಡ ನಾಯಿ ಮಲಗಿತ್ತು. ಅದಕ್ಕೆ ಮೂರೇ ಕಾಲು. ಗಾಡಿ ಗುಡ್ಡ ಹತ್ತುತ್ತ, ತಿರುವುಗಳಲ್ಲಿ ನರಳುತ್ತ ಹೋಯಿತು. ಹೊರಗೆ ಒಳ್ಳೆಯ ಬಿಸಿಲಿತ್ತು. ಹುಲ್ಲುಗಾವಲು, ದನಗಳು, ಕಲ್ಲಿನ ಮನೆಗಳು. ನಾನು ಏನನ್ನೂ ಬರೆಯಲಿಲ್ಲ.

ಮಧ್ಯಾಹ್ನ ಮೂರರ ಸುಮಾರಿಗೆ ಸೇಂ ಫ್ಲೂರ್ ಎಂಬ ಸಣ್ಣ ಸ್ಟೇಶನ್ನಿನಲ್ಲಿ ಗಾಡಿ ನಿಂತಿತು. ಪೂಲಿಗೆ ಮೊದಲಿನ ಸ್ಟೇಶನ್ ಅದೇ. ಅಲ್ಲಿಂದ ಹತ್ತು ಹನ್ನೆರಡು ಮಿನಿಟು ಎಂದು ಅಕ್ಕ ತನ್ನ ದುಂಡು ಅಕ್ಷರದಲ್ಲಿ ಬರೆದಿಟ್ಟಿದ್ದಳು. ಬಾಗಿಲು ತೆರೆದವು, ಯಾರು ಹತ್ತಿದ್ದನ್ನೂ ನಾನು ಕಾಣಲಿಲ್ಲ, ಬಾಗಿಲು ಮುಚ್ಚಿದವು. ಗಾಡಿ ಹೊರಟು ಸ್ವಲ್ಪ ಹೊತ್ತಿಗೆ ಬಾಜೂಕಿನ ಸೀಟು ಕೆಳಗೆ ಕುಸಿದದ್ದು ಗೊತ್ತಾಯಿತು, ಯಾರೋ ಕೂತಾಗ ಆಗುವ ಹಾಗೆ. ತಿರುಗಿ ನೋಡಿದೆ. ಅಕ್ಕ ಕೂತಿದ್ದಳು.

ಕೌದಿ ಹೊದ್ದಿದ್ದಳು. ಹಳೆಯ ಸೀರೆಗಳಿಂದ ಅವಳೇ ಹೊಲಿದ, ಹಸಿರು ಅಂಚಿನ ಕೌದಿ. ತಲೆ ಕೆದರಿತ್ತು. ಕೌದಿಯ ಹೊರಗಿದ್ದ ಎಡಗೈ ಮೇಲೆ ಬಿಳಿ ಪಟ್ಟಿ ಅಂಟಿಸಿತ್ತು, ಸಲಾಯಿನ್ ಸೂಜಿಗೆ ಅಂಟಿಸುತ್ತಾರಲ್ಲ, ಅಂಥದ್ದು. ಹೊಗೆಯ ಹಾಗೆ, ನೆರಳಿನ ಹಾಗೆ ಏನೂ ಇರಲಿಲ್ಲ. ಭಾನುವಾರ ಹೇಗಿರುತ್ತಿದ್ದಳೋ ಹಾಗೇ ಇದ್ದಳು, ಬಹಳ ದಣಿದಿದ್ದಳು ಅಷ್ಟೆ.

"ಪೂಲ್ ಇನ್ನ ಎಷ್ಟ ದೂರ ಐತಿ?" ಎಂದಳು.

ನಾನು ಮುಖ ಹೊರಳಿಸಿದೆ. ಏಕೆಂದು ಹೇಳುತ್ತೇನೆ. ಆಯಿ, ಎಂದರೆ ಅಪ್ಪನ ತಾಯಿ, ಚಿಕ್ಕಂದಿನಲ್ಲಿ ಹೇಳುತ್ತಿದ್ದಳು: ಸತ್ತವರು ಎದುರಿಗೆ ಬಂದರೆ ಮಾತಾಡಿಸಬಾರದು, ಓ ಎನ್ನಬಾರದು, ಮುಖ ನೋಡಬಾರದು. ನೋಡಿದರೆ ಅವರಿಗೆ ಬಿಟ್ಟು ಹೋಗುವುದಕ್ಕೆ ಆಗುವುದಿಲ್ಲ, ಮುಂದಿನ ದಾರಿ ತಪ್ಪುತ್ತದೆ. ಶರಣರ ಮನೆಯಲ್ಲಿ ಇಂಥ ಮಾತೇನು ಎಂದು ಅಪ್ಪ ಆಯಿಯನ್ನು ಬೈಯುತ್ತಿದ್ದ. ನಾನೂ ನಕ್ಕವಳೇ. ಆದರೆ ಆ ಗಳಿಗೆಯಲ್ಲಿ ನನ್ನ ಅಳತೆ, ಲೆಕ್ಕ, ಓದು ಎಲ್ಲ ಎಲ್ಲಿ ಹೋದವೋ ಗೊತ್ತಿಲ್ಲ, ಆಯಿಯ ಮಾತೊಂದೇ ಉಳಿಯಿತು. ಅಂಜಿಕೆಯಿಂದ ಹಾಗೆ ಮಾಡಿದೆ ಎಂದು ತಿಳಿಯಬೇಡಿ. ನನ್ನ ಸಲುವಾಗಿ ಸಾಲಿ ಬಿಟ್ಟವಳು, ನನ್ನ ಸಲುವಾಗಿ ಹಾದಿಯನ್ನೂ ತಪ್ಪಿಸಿಕೊಳ್ಳಬಾರದು ಎಂದು ಹಾಗೆ ಮಾಡಿದೆ. ಕೊರಳಲ್ಲಿನ ಲಿಂಗವನ್ನು ಮುಷ್ಟಿಯಲ್ಲಿ ಹಿಡಿದುಕೊಂಡೆ. ಪೂಜೆ ತಪ್ಪಿಸಿ ಎಷ್ಟೋ ವರ್ಷಗಳಾಗಿದ್ದವು.

"ಸಣ್ಣಾಕಿ, ಎಷ್ಟ ದೂರ ಐತಿ ಪೂಲ್?" ಎಂದು ಎರಡನೆಯ ಸಲ ಕೇಳಿದಳು.

ಗುಡ್ಡ ಕಡಿದು ಹಾದಿ ಮಾಡಿದ ಜಾಗಕ್ಕೆ ಬಂದಿದ್ದೆವು. ಹೊರಗೆ ಬಂಡೆಗಳ ನೆರಳು ಕವಿದು ಕಿಟಕಿಯ ಗಾಜು ಕನ್ನಡಿಯಾಯಿತು. ಅದರಲ್ಲಿ ಅವಳು ಕಂಡಳು. ನನ್ನನ್ನೇ ನೋಡುತ್ತಿದ್ದಳು. ನಾನು ಕಣ್ಣು ಮುಚ್ಚಿಕೊಂಡೆ. ಗಾಡಿ ನಿಧಾನವಾಯಿತು, ಗಾಲಿಗಳ ಸದ್ದು ಬದಲಾಯಿತು, ಕೆಳಗೆ ಏನೂ ಇಲ್ಲದಾಗ ಆಗುವ ಟೊಳ್ಳು ಸದ್ದು. ಅದು ಪೂಲು ಎಂದು ತಿಳಿಯಿತು. ಇಷ್ಟು ವರ್ಷ ಇಬ್ಬರೂ ಕಾದ ಪೂಲನ್ನು ನಾನು ಕಣ್ಣು ಮುಚ್ಚಿಕೊಂಡು ದಾಟಿದೆ. ಸದ್ದು ಮೊದಲಿನಂತಾದ ಮೇಲೆ ಕಣ್ಣು ತೆರೆದರೆ ಬಾಜೂಕಿನ ಸೀಟು ಖಾಲಿ ಇತ್ತು. ನಾಯಿ ಎದ್ದು ನಿಂತು ಆ ಸೀಟಿನ ಕಡೆ ನೋಡುತ್ತಿತ್ತು. ಮುದುಕ ಅದರ ಕೊರಳಪಟ್ಟಿ ಹಿಡಿದು ಕೂರಿಸಿದ.

ಅಕ್ಕ ಹೋದದ್ದಕ್ಕೆ ಇದಕ್ಕಿಂತ ಸಾಕ್ಷಿ ಬೇಕೆ ಎಂದುಕೊಂಡೆ. ಗಾಡಿಯ ಕೊನೆಯ ಊರಾದ ಬೆಜಿಯೆಯಲ್ಲಿ ಇಳಿದು ಕೋಣೆ ಹಿಡಿದು ಎರಡು ರಾತ್ರಿ, ನಡುವಿನ ಒಂದು ಹಗಲು ಬಾಗಿಲು ಹಾಕಿಕೊಂಡು ಮಲಗಿದೆ. ಫೋನು ಬಂದ್ ಆಗಿಯೇ ಇತ್ತು. ಎರಡನೆಯ ಬೆಳಿಗ್ಗೆ, ವಾಪಸಿನ ಟಿಕೆಟ್ ನೋಡಲು ಫೋನು ಚಾಲೂ ಮಾಡಿದೆ. ಅನ್ನಪೂರ್ಣಳದೇ ನಲವತ್ತಕ್ಕೂ ಮಿಕ್ಕಿ ಫೋನು ಬಂದಿದ್ದವು. ಮೆಸೇಜುಗಳನ್ನು ಒಂದೊಂದಾಗಿ ಓದಿದೆ. ಚಿಗವ್ವಾ ಎಲ್ಲಿ ಅದಿ. ಅವ್ವ ನಿನ್ನ ಕೇಳಾಕತ್ತಾಳ. ಮಾಸ್ಕ್ ತಗದಾರ, ಒಮ್ಮೆ ಫೋನ್ ಮಾಡು. ಚಿಗವ್ವಾ, ಒಂದ ಸಲ ದನಿ ಕೇಳಸು ಆಕಿಗೆ. ಕೊನೆಯದು ಅವತ್ತಿನದೇ, ಒಂದು ತಾಸಿನ ಹಿಂದಿನದು: ಅವ್ವ ಹೋದ್ಲು.

ಅಕ್ಕ ಸತ್ತಿರಲಿಲ್ಲ. ಆ ಗಾಡಿಯಲ್ಲಿ ನಾನು ಮುಖ ಹೊರಳಿಸಿದಾಗ ಅವಳು ಬೆಳಗಾವಿಯ ಆಸ್ಪತ್ರೆಯಲ್ಲಿ ಉಸಿರಾಡುತ್ತಿದ್ದಳು. ಆಮೇಲೆ ಎರಡು ರಾತ್ರಿ ಬದುಕಿದ್ದಳು. ಪ್ಯಾರಿಸ್ ಗಾಡಿ ಹತ್ತಿದ್ದರೆ ಎರಡನೆಯ ರಾತ್ರಿ ನಾನು ಅವಳ ಬಳಿ ಕೂತಿರುತ್ತಿದ್ದೆ.

ನಾನು ಖಾನಾಪುರ ಮುಟ್ಟುವಷ್ಟರಲ್ಲಿ ಮಣ್ಣು ಮಾಡಿಯಾಗಿತ್ತು. ಅನ್ನಪೂರ್ಣ ನನ್ನನ್ನು ಬೈಯಲಿಲ್ಲ. ಯಾಕೆ ಫೋನು ಎತ್ತಲಿಲ್ಲ ಎಂದಷ್ಟೇ ಕೇಳಿದಳು. ನಾನು ತಿಳಿದುಕೊಂಡದ್ದನ್ನು ಹೇಳಿದೆ. ಅವಳು, "ನಾ ಇದ್ದದ್ದ ಹೇಳಿದ್ನಲ್ಲ ಚಿಗವ್ವಾ" ಎಂದಳು. ಹಿಂದೆ ಅಳುತ್ತಿದ್ದವರು ಬೇರೆ ಯಾರದೋ ಮನೆಯವರಂತೆ. ರೈಲಿನ ಸಂಗತಿಯನ್ನು ನಾನು ಬಾಯಿ ಬಿಟ್ಟಿರಲಿಲ್ಲ. ಆಗ ಅವಳೇ ಕೇಳಿದಳು.

"ಆ ಗಾಡ್ಯಾಗ ನಾಯಿ ಇತ್ತೇನ ಚಿಗವ್ವಾ? ಮೂರ ಕಾಲಿಂದು?"

ಕೈಯಲ್ಲಿದ್ದ ನೀರಿನ ತಂಬಿಗೆಯನ್ನು ನಾನು ಕೆಳಗಿಟ್ಟೆ.

ಅವತ್ತು ಬೆಳಿಗ್ಗೆಯಿಂದ ಅಕ್ಕನಿಗೆ ಎಚ್ಚರವಿರಲಿಲ್ಲವಂತೆ. ಮೈ ತಣ್ಣಗಾಗುತ್ತಿದೆ ಎಂದು ನರ್ಸನ್ನು ಕಾಡಿಬೇಡಿ ಮನೆಯ ಕೌದಿ ಹೊದಿಸಿದ್ದರು. ಸಂಜೆ ಆರೂಮುಕ್ಕಾಲಿಗೆ, ಒಬ್ಬರನ್ನು ಐಸಿಯು ಒಳಗೆ ಬಿಡುವ ಹೊತ್ತಿನಲ್ಲಿ, ಕಣ್ಣು ತೆರೆದಳಂತೆ. ಆಗ ಫ್ರಾನ್ಸಿನಲ್ಲಿ ಮಧ್ಯಾಹ್ನ ಮೂರೂಕಾಲು. ಮಾಸ್ಕ್ ಸರಿಸಿ ಹೇಳಿದ್ದು ಇದು: "ನಾ ಆಕಿ ಬಾಜೂಕ ಹೋಗಿ ಕುಂತಿದ್ನಿ. ಪೂಲ್ ಎಷ್ಟ ದೂರ ಅಂತ ಎರಡ ಸಲ ಕೇಳಿದ್ನಿ. ಮಾರಿ ಹೊರಳಿಸಿ ಕುಂತ್ಲು. ಮೂರ ಕಾಲಿನ ನಾಯಿ ನನ್ನ ನೋಡ್ತು, ಆಕಿ ನೋಡಲಿಲ್ಲ. ನನ್ನ ಮ್ಯಾಲೆ ಸಿಟ್ಟಾಗ್ಯಾಳೇನ ಅನ್ನಪೂರ್ಣಾ? ಜೊತಿಗೆ ಬರಲಿಲ್ಲಂತ?"

ಕೊನೆಯ ಎರಡು ರಾತ್ರಿ ಇದೊಂದೇ ಮಾತಂತೆ. ಸಿಟ್ಟು ಯಾಕ, ಸಣ್ಣಾಕಿಗೆ ಸಿಟ್ಟು ಯಾಕ. ನನ್ನ ಬಾಯಿಂದ ಇಲ್ಲ ಎನ್ನಿಸುವುದಕ್ಕೇ ಅನ್ನಪೂರ್ಣ ಅಷ್ಟು ಸಲ ಫೋನು ಮಾಡಿದ್ದಳು.

ಆಮೇಲೆ ತಿಳಿದವರನ್ನು ಕೇಳಿದ್ದೇನೆ. ರಕ್ತದಲ್ಲಿ ವಿಷ ಏರಿದಾಗ ರೋಗಿಗಳು ಏನೇನೋ ಮಾತಾಡುತ್ತಾರೆ ಎಂದರು ಡಾಕ್ಟರು. ನಿಮ್ಮ ಅಕ್ಕನಿಗೆ ಗಾಡಿಯ ವೇಳೆ ಗೊತ್ತಿತ್ತು, ಪೂಲು ಗೊತ್ತಿತ್ತು, ನಿಮಗೂ ದುಃಖದಲ್ಲಿ ಹಾಗೆ ಕಂಡಿರಬೇಕು ಎಂದರು. ಪೂಲಿನ ಮಾತು ಒಪ್ಪುತ್ತೇನೆ. ನಾಯಿಯ ಕಾಲು ಯಾವ ಕ್ಯಾಲೆಂಡರಿನಲ್ಲೂ ಇರಲಿಲ್ಲ. ನನ್ನನ್ನು ಇನ್ನೂ ತಿನ್ನುವುದು ಬೇರೆಯೇ. ಅವಳ ಕೈ ಮೇಲಿನ ಬಿಳಿ ಪಟ್ಟಿಯನ್ನು ನಾನು ಕಂಡಿದ್ದೆ. ಸತ್ತವರನ್ನು ಕೂರಿಸುವ ಮೊದಲು ಸೂಜಿ, ಪಟ್ಟಿ ಎಲ್ಲ ತೆಗೆದು ಮೈ ತೊಳೆಯುತ್ತಾರೆ, ಹಣೆ ತುಂಬ ವಿಭೂತಿ ಹಚ್ಚುತ್ತಾರೆ. ಅಪ್ಪನನ್ನು ನೋಡಿದ್ದ ನನಗೆ ಅದು ಗೊತ್ತಿತ್ತು. ಇಪ್ಪತ್ತಾರು ವರ್ಷ ಕೂದಲೆಳೆಯನ್ನು ಬಿಡದವಳು ಅಷ್ಟು ದೊಡ್ಡ ಗುರುತನ್ನು ನೋಡಿಯೂ ಬಿಟ್ಟೆ.

ಈಗಲೂ ಭಾನುವಾರ ಅನ್ನಪೂರ್ಣಳನ್ನು ನೋಡಲು ಖಾನಾಪುರಕ್ಕೆ ಹೋಗುತ್ತೇನೆ, ಅದೇ ಗಾಡಿಯಲ್ಲಿ. ಬಾಜೂಕಿನ ಸೀಟು ಖಾಲಿ ಇದ್ದರೆ ಕಿಟಕಿಯ ಕಡೆ ಮುಖ ಮಾಡುವುದಿಲ್ಲ. ಕಳೆದ ತಿಂಗಳು ಹಾಗೇ ಕೂತಿದ್ದೆ. ದೇಸೂರು ದಾಟಿತು. ಏನನ್ನಿಸಿತೋ, ಖಾಲಿ ಸೀಟಿಗೆ ತಿರುಗಿ ಮೆಲ್ಲಗೆ ಹೇಳಿದೆ, "ಇನ್ನ ಹತ್ತ ಮಿನಿಟ್ ಅಕ್ಕಾ. ನನಗ ಸಿಟ್ಟಿಲ್ಲ." ಎದುರಿಗೆ ಕೂತಿದ್ದ ಹೆಂಗಸೊಬ್ಬಳು ನನ್ನನ್ನೂ ಆ ಸೀಟನ್ನೂ ಒಮ್ಮೆ ನೋಡಿ, ಸೆರಗು ಬಿಗಿಯಾಗಿ ಹೊದ್ದುಕೊಂಡು, ಮುಖ ಹೊರಳಿಸಿ ಕೂತಳು.